ನಿನಗೇನು ಇಷ್ಟ ಎಂದು ಕೇಳೋಣ

(ಸಂಸ್ಥೆಯ ವಾರ್ಷಿಕೋತ್ಸವದ ಅಂಗವಾಗಿ ನಡೆದ ವಿದ್ಯಾರ್ಥಿನಿಯರ ಹಾಗೂ ಪಾಲಕರ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಂಘಟಕರು ನನಗೆ ಕೊಟ್ಟ ವಿಷಯ 'ಮಹಿಳೆ ಮತ್ತು ಸಮಾಜ'. ಈ ವಿಷಯದ ಮೇಲೆ ದೊಡ್ಡ ದೊಡ್ಡ ಮಾತುಗಳನ್ನು ನೀವು ಪ್ರತಿ ವರ್ಷ ಕೇಳುತ್ತೀರಿ. ಇಂದು ನಾನು ಸಣ್ಣ ಮಾತುಗಳನ್ನು ಆಡಬೇಕೆಂದಿದ್ದೇನೆ. ಬಳೆಯ ಬಣ್ಣ, ದುಪಟ್ಟಾದ ಬಟ್ಟೆ, ಮೊಬೈಲಿನಲ್ಲಿ ತರಿಸಿಕೊಳ್ಳುವ ಸಾಮಾನು, ಇವುಗಳ ಬಗ್ಗೆ. ಇಷ್ಟು ದೊಡ್ಡ ಸಭೆಯಲ್ಲಿ ಇಷ್ಟು ಸಣ್ಣ ವಿಷಯವೇ ಎಂದು ಕೆಲವರಿಗೆ ಅನ್ನಿಸಬಹುದು. ಹೆಣ್ಣುಮಕ್ಕಳಿಗೆ ಸಂಬಂಧಿಸಿದ್ದೆಲ್ಲ ಸಣ್ಣದು ಎಂದು ನಮಗೆ ಏಕೆ ಅನ್ನಿಸುತ್ತದೆ? ಅದೇ ಇಂದಿನ ನನ್ನ ವಿಷಯ.

ನನ್ನನ್ನು ಕೆಲವರು ಸ್ತ್ರೀವಾದಿ ಎಂದು ಕರೆಯುತ್ತಾರೆ. ಕೆಲವರು ಅದನ್ನು ಹೊಗಳಿಕೆಯಾಗಿ, ಬಹಳಷ್ಟು ಜನ ಬೈಗುಳವಾಗಿ ಹೇಳುತ್ತಾರೆ. ಗಂಡಸರ ಮೇಲೆ ಸಿಟ್ಟಿರುವವಳು, ಮನೆ ಮುರಿಯುವವಳು ಎಂಬ ಅರ್ಥ ಆ ಪದಕ್ಕೆ ಅಂಟಿಕೊಂಡಿದೆ. ನನ್ನ ಮಟ್ಟಿಗೆ ಅದರ ಅರ್ಥ ಬಹಳ ಸರಳ. ಹೆಣ್ಣಿಗೂ ಒಂದು ಮನಸ್ಸಿದೆ, ಅದನ್ನು ಕೇಳದೆ ಅವಳ ಪರವಾಗಿ ಯಾರೂ ತೀರ್ಮಾನ ಮಾಡಬಾರದು ಎಂದು ನಂಬುವವರು ಸ್ತ್ರೀವಾದಿಗಳು. ಈ ಸಭೆಯಲ್ಲಿರುವ ಅನೇಕ ಅಬ್ಬಾಂದಿರು, ಅಣ್ಣಂದಿರು ಈ ಅರ್ಥದಲ್ಲಿ ಸ್ತ್ರೀವಾದಿಗಳೇ ಆಗಿದ್ದಾರೆ. ಇಲ್ಲದಿದ್ದರೆ ಇಷ್ಟು ಹೆಣ್ಣುಮಕ್ಕಳು ಇಂದು ಇಲ್ಲಿ ಕುಳಿತಿರುತ್ತಿರಲಿಲ್ಲ.

ಹೆಣ್ಣಿನ ಮೇಲಿನ ದೌರ್ಜನ್ಯ ಎಂದೊಡನೆ ನಮಗೆ ವರದಕ್ಷಿಣೆ ಸಾವು, ಅತ್ಯಾಚಾರ, ಭ್ರೂಣಹತ್ಯೆ ನೆನಪಾಗುತ್ತವೆ. ಅವುಗಳಿಗೆ ಕಾನೂನಿದೆ, ಠಾಣೆ ಇದೆ, ಪತ್ರಿಕೆಗಳು ಬರೆಯುತ್ತವೆ. ಆದರೆ ದಿನನಿತ್ಯ ಮನೆಯಲ್ಲಿ, ಬಸ್ಸಿನಲ್ಲಿ, ಅಂಗಡಿಯಲ್ಲಿ, ಆಫೀಸಿನಲ್ಲಿ ನಡೆಯುವ ಚಿಕ್ಕ ಚಿಕ್ಕ ಅವಮಾನಗಳಿಗೆ ಠಾಣೆ ಇಲ್ಲ. "ಹೆಣ್ಣಿನ ಬುದ್ಧಿ ಮೊಣಕಾಲ ಕೆಳಗೆ" ಎಂಬ ಗಾದೆಯನ್ನು ನಗುತ್ತ ಹೇಳುತ್ತೇವೆ. "ನಿನಗೇನ್ ತಿಳೀತೈತಿ, ಸುಮ್ಮನ ಕೂಡು" ಎಂಬ ಮಾತನ್ನು ಕೇಳದೆ ಬೆಳೆದ ಹುಡುಗಿ ನಮ್ಮ ಜಿಲ್ಲೆಯಲ್ಲಿ ಇದ್ದಾಳೆಯೇ? ಮನೆಗೆ ಬಂದ ನೆಂಟರು ಹುಡುಗನನ್ನು "ಮುಂದೇನು ಓದುತ್ತೀ?" ಎಂದು ಕೇಳುತ್ತಾರೆ, ಹುಡುಗಿಯನ್ನು "ಅಡುಗೆ ಕಲಿತಿಯಾ?" ಎಂದು ಕೇಳುತ್ತಾರೆ. ದಿನವಿಡೀ ದುಡಿಯುವ ತಾಯಿಯ ಬಗ್ಗೆ ಮಗ ಶಾಲೆಯ ಅರ್ಜಿಯಲ್ಲಿ "ಮನೆಯಲ್ಲೇ ಇರುತ್ತಾರೆ" ಎಂದು ತುಂಬುತ್ತಾನೆ.

ಬ್ರಿಟನ್ನಿನ ಲಾರಾ ಬೇಟ್ಸ್ ಎಂಬ ಬರಹಗಾರ್ತಿ 2012ರಲ್ಲಿ ಇಂತಹ ದಿನನಿತ್ಯದ ಅನುಭವಗಳನ್ನು ಹೆಂಗಸರು ತಾವೇ ಬರೆದು ಕಳುಹಿಸಲಿ ಎಂದು ಕರೆ ಕೊಟ್ಟರು. ಅನೇಕ ದೇಶಗಳಿಂದ ಸಾವಿರಾರು ಮಹಿಳೆಯರು ಬರೆದರು. ಮುಂದುವರಿದ ದೇಶಗಳಲ್ಲಿಯೂ ಕತೆ ಇದೇ ಎಂದು ಆಗ ಜಗತ್ತಿಗೆ ಗೊತ್ತಾಯಿತು. ಆದ್ದರಿಂದ ಇದು ಒಂದು ಧರ್ಮದ ಅಥವಾ ಒಂದು ಜಾತಿಯ ರೋಗವೆಂದು ಯಾರೂ ಬೆರಳು ತೋರಿಸಬೇಕಾಗಿಲ್ಲ.

ದೂರದ ಮಾತೇಕೆ, ನಮ್ಮ ಜಿಲ್ಲೆಯ ಹಾನಗಲ್ಲಿನ ಹೆಸರನ್ನು ದೇಶಕ್ಕೆಲ್ಲ ಕೇಳಿಸಿದ ಗಂಗೂಬಾಯಿ ಹಾನಗಲ್ ಅವರನ್ನೇ ನೋಡಿ. 1913ರಲ್ಲಿ ಧಾರವಾಡದಲ್ಲಿ ಹುಟ್ಟಿದ ಅವರು ಸವಾಯಿ ಗಂಧರ್ವರ ಬಳಿ ಕಲಿಯಲು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಓಡಾಡಿದರು, ಹಾದಿಬೀದಿಯ ಕುಹಕಗಳನ್ನು ಸಹಿಸಿದರು. 2002ರಲ್ಲಿ ದೇಶ ಅವರಿಗೆ ಪದ್ಮವಿಭೂಷಣ ನೀಡಿತು. ಅಂತಹ ಮಹಾನ್ ಗಾಯಕಿ ಒಂದು ಮಾತನ್ನು ಹೇಳುತ್ತಿದ್ದರು. ಹಾಡುವವನು ಮುಸಲ್ಮಾನ ಗಂಡಸಾದರೆ ಉಸ್ತಾದ್ ಆಗುತ್ತಾನೆ, ಹಿಂದೂ ಗಂಡಸಾದರೆ ಪಂಡಿತ ಆಗುತ್ತಾನೆ, ಹೆಂಗಸು ಎಷ್ಟು ದೊಡ್ಡವಳಾದರೂ ಬಾಯಿಯಾಗಿಯೇ ಉಳಿಯುತ್ತಾಳೆ ಎಂಬುದು ಅದರ ತಾತ್ಪರ್ಯ.  ಹೆಸರಿನ ಮುಂದಿನ ಒಂದು ಪದದಲ್ಲಿಯೇ ಸಮಾಜ ತನ್ನ ತಕ್ಕಡಿಯನ್ನು ತೋರಿಸಿತು. ಸಾಹಿತ್ಯದಲ್ಲೂ ಅಷ್ಟೇ. 2023ರ ಜನವರಿಯಲ್ಲಿ ನಮ್ಮ ಹಾವೇರಿಯಲ್ಲಿ 86ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ಊರೆಲ್ಲ ಸಂಭ್ರಮಿಸಿತು. 2024ರ ಮಂಡ್ಯ ಸಮ್ಮೇಳನದವರೆಗೆ ಒಟ್ಟು 87 ಸಮ್ಮೇಳನಗಳಾದವು. ಅವುಗಳ ಅಧ್ಯಕ್ಷತೆ ವಹಿಸಿದ ಮಹಿಳೆಯರು ನಾಲ್ವರು ಮಾತ್ರ: ಜಯದೇವಿ ತಾಯಿ ಲಿಗಾಡೆ, ಶಾಂತಾದೇವಿ ಮಾಳವಾಡ, ಕಮಲಾ ಹಂಪನಾ ಮತ್ತು ಗೀತಾ ನಾಗಭೂಷಣ.

ಬಂಧುಗಳೇ, ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ನಮ್ಮಲ್ಲಿ ಹೆಣ್ಣಿನ ಇಷ್ಟಾನಿಷ್ಟಗಳನ್ನು ಹಗುರವಾಗಿ ಕಾಣುವ ಅಭ್ಯಾಸ ಬಹಳ ಹಳೆಯದು. "ಹೆಂಗಸ್ರನ್ನ ಅರಿವಿ ಅಂಗಡಿಗೆ ಕರಕೊಂಡು ಹೋದ್ರ ದಿನಾ ಹೋತು" ಎಂದು ಗಂಡಸರು ತಮಾಷೆ ಮಾಡುತ್ತಾರೆ. ಒಂದು ಸೀರೆ ಆರಿಸಲು ಒಂದು ತಾಸು ತೆಗೆದುಕೊಂಡಳು ಎಂಬುದು ವರ್ಷಗಟ್ಟಲೆ ನಗೆಯ ವಸ್ತು.

ಈಗ ನನ್ನ ತವರು ಬ್ಯಾಡಗಿಯ ಮಾರುಕಟ್ಟೆಗೆ ಬನ್ನಿ. ಅಲ್ಲಿ ವ್ಯಾಪಾರಿಗಳು ಮೆಣಸಿನಕಾಯಿಯನ್ನು ಹೇಗೆ ನೋಡುತ್ತಾರೆ? ಮುಷ್ಟಿಯಲ್ಲಿ ಹಿಡಿಯುತ್ತಾರೆ, ಬಿಸಿಲಿಗೆ ಹಿಡಿಯುತ್ತಾರೆ, ಸುಕ್ಕು ನೋಡುತ್ತಾರೆ, ಮುರಿದು ಬೀಜ ನೋಡುತ್ತಾರೆ, ಮೂಸುತ್ತಾರೆ. ಡಬ್ಬಿಯೋ ಕಡ್ಡಿಯೋ, ಕೆಂಪು ಗಾಢವೋ ತಿಳಿಯೋ ಎಂದು ಒಂದು ಚೀಲದಿಂದ ಇನ್ನೊಂದು ಚೀಲಕ್ಕೆ ಹೋಗುತ್ತಾರೆ. ಬೆಳಗಿನಿಂದ ಮಧ್ಯಾಹ್ನದವರೆಗೆ ಕೆಂಪು ಬಣ್ಣವನ್ನು ನೋಡುತ್ತಾ ನಿಲ್ಲುವ ಆ ಗಂಡಸರನ್ನು ಕಂಡು ನಾವು ಯಾರಾದರೂ ನಗುತ್ತೇವೆಯೇ? ಇಲ್ಲ. "ಏನು ಕಣ್ಣು, ಏನು ಅನುಭವ!" ಎನ್ನುತ್ತೇವೆ. ಗಂಡಸು ಬಣ್ಣ ನೋಡಿದರೆ ಅದು ಪರಿಣತಿ. ಅವನ ಹೆಂಡತಿ ಅಂಗಡಿಯಲ್ಲಿ ಅದೇ ಕೆಂಪನ್ನು ಬಿಸಿಲಿಗೆ ಹಿಡಿದು ನೋಡಿದರೆ ಅದು ಕಾಲಹರಣ. ತನ್ನ ಮನೆಯ ದುಡ್ಡು ಹಾಳಾಗಬಾರದು, ಬಟ್ಟೆ ಬಣ್ಣ ಬಿಡಬಾರದು, ನಾಲ್ಕು ವರ್ಷ ಬಾಳಿಕೆ ಬರಬೇಕು ಎಂದು ಅವಳು ನೋಡುತ್ತಿರುತ್ತಾಳೆ. ಅದು ಕೂಡ ವ್ಯಾಪಾರ ಜ್ಞಾನವೇ.

ಇನ್ನೊಂದು ವಿಷಯವನ್ನು ಗಮನಿಸಿ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಸಿಕ್ಕಿತು. ಖಾರ ಕಡಿಮೆ, ಬಣ್ಣ ಹೆಚ್ಚು, ಇದೇ ಅದರ ಹಿರಿಮೆ. ಅದರಿಂದ ತೆಗೆಯುವ ಓಲಿಯೋರೆಸಿನ್ ಎಂಬ ಕೆಂಪು ಸತ್ವವನ್ನು ಆಹಾರಕ್ಕೂ, ಲಿಪ್‌ಸ್ಟಿಕ್, ನೈಲ್ ಪಾಲಿಶ್‌ಗಳಿಗೂ ಬಳಸುತ್ತಾರೆ. ಆ ಮೆಣಸಿನಕಾಯಿಯ ತುಂಬು, ಅಂದರೆ ತೊಟ್ಟು ಬಿಡಿಸುವವರು ಯಾರು? ನಮ್ಮ ಅಮ್ಮಂದಿರು, ಖಾಲಾಗಳು, ನೆರೆಮನೆಯ ಅಕ್ಕಂದಿರು. ಘಾಟಿನಲ್ಲಿ ಕೆಮ್ಮುತ್ತಾ, ಉರಿಯುವ ಕೈಗಳಿಂದ ಜಗತ್ತಿನ ತುಟಿಗೆ ಬಣ್ಣ ಒದಗಿಸುವವರು ಇವರು. ಆ ತಾಯಿಯ ಮಗಳು ಇಪ್ಪತ್ತು ರೂಪಾಯಿ ಕೊಟ್ಟು ಒಂದು ನೈಲ್ ಪಾಲಿಶ್ ಕೊಂಡರೆ ಓಣಿಯೆಲ್ಲ ಅವಳ ನಡತೆಯ ಬಗ್ಗೆ ಮಾತನಾಡುತ್ತದೆ. ಬಣ್ಣ ತಯಾರಿಸಲು ಹೆಣ್ಣಿನ ಕೈ ಬೇಕು, ಬಣ್ಣ ಇಷ್ಟಪಡಲು ಹೆಣ್ಣಿನ ಮನಸ್ಸು ಬೇಡವೇ? ರಾಣೆಬೆನ್ನೂರು ಭಾಗದ ಬೀಜೋತ್ಪಾದನೆಯ ಹೊಲಗಳಲ್ಲಿಯೂ ಹೀಗೆಯೇ. ಹತ್ತಿ ಹೂವನ್ನು ಒಂದೊಂದಾಗಿ ಬಿಡಿಸಿ ಕ್ರಾಸಿಂಗ್ ಮಾಡುವ ಸೂಕ್ಷ್ಮ ಕೆಲಸಕ್ಕೆ ಹೆಣ್ಣಿನ ಕಣ್ಣನ್ನೂ ಬೆರಳನ್ನೂ ನಂಬುತ್ತೇವೆ. ಅವಳ ದುಡ್ಡಿನಲ್ಲಿ ಏನು ಕೊಳ್ಳಬೇಕು ಎಂಬಲ್ಲಿ ಮಾತ್ರ ಅವಳ ಕಣ್ಣನ್ನು ನಂಬುವುದಿಲ್ಲ.

ಉಡುಪಿನ ವಿಷಯದಲ್ಲಂತೂ ಎಲ್ಲರೂ ನ್ಯಾಯಾಧೀಶರೇ. ಹುಡುಗಿಗೆ ಗಾಢ ಬಣ್ಣ ಬೇಡ, ನಲವತ್ತು ದಾಟಿದವಳಿಗೆ ತಿಳಿ ಬಣ್ಣವೇ ಸರಿ, ಗಂಡನಿಲ್ಲದವಳಿಗೆ ಬಳೆಯೇ ಬೇಡ. ಇದು ಎಲ್ಲ ಸಮುದಾಯಗಳಲ್ಲಿಯೂ ಒಂದಲ್ಲ ಒಂದು ರೂಪದಲ್ಲಿದೆ. 2022ರಲ್ಲಿ ನಮ್ಮ ರಾಜ್ಯದಲ್ಲಿ ಕಾಲೇಜು ಹುಡುಗಿಯರ ತಲೆವಸ್ತ್ರ ದೇಶದ ಸುದ್ದಿಯಾಯಿತು. ಆ ವರ್ಷ ಮಾರ್ಚ್ 15ರಂದು ಹೈಕೋರ್ಟಿನ ತೀರ್ಪು ಬಂತು, ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನಲ್ಲಿ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಆ ತಿಂಗಳುಗಳಲ್ಲಿ ಟಿವಿಯ ಮುಂದೆ ಕುಳಿತು ಮಾತನಾಡಿದವರನ್ನು ನೆನಪಿಸಿಕೊಳ್ಳಿ. ತೆಗೆ ಎನ್ನುವವರೂ ಬಹುತೇಕ ಗಂಡಸರು, ಹಾಕಿಕೋ ಎನ್ನುವವರೂ ಬಹುತೇಕ ಗಂಡಸರು. ಪರೀಕ್ಷೆ ಕಟ್ಟಬೇಕಾದ ಹುಡುಗಿಯನ್ನು "ನಿನಗೇನು ಬೇಕು ಮಗಳೇ?" ಎಂದು ಕೇಳಿದವರು ಎಷ್ಟು ಜನ? ತಾನಾಗಿ ಧರಿಸುವವಳಿಗೆ ಗೌರವ ಕೊಡಬೇಕು, ಧರಿಸದವಳಿಗೂ ಅಷ್ಟೇ ಗೌರವ ಕೊಡಬೇಕು. ಈ ಎರಡನ್ನೂ ಒಟ್ಟಿಗೆ ಹೇಳುವುದೇ ನನ್ನ ಸ್ತ್ರೀವಾದ.

ಇಷ್ಟಾನಿಷ್ಟ ಎಂಬುದು ಬರೀ ಬಣ್ಣದ ವಿಷಯವೆಂದು ತಿಳಿಯಬೇಡಿ. ಅದು ತೀರ್ಮಾನ ಮಾಡುವ ಅಭ್ಯಾಸ. ಈಜು ಕಲಿಯಬೇಕಾದವರು ಮೊದಲು ಮೊಣಕಾಲುದ್ದ ನೀರಿನಲ್ಲಿ ಇಳಿಯುತ್ತಾರೆ. ಐದನೆಯ ವರ್ಷಕ್ಕೆ ಬಳೆಯ ಬಣ್ಣ, ಹತ್ತನೆಯ ವರ್ಷಕ್ಕೆ ಚೀಲ, ಹದಿನೈದಕ್ಕೆ ಓದುವ ಪುಸ್ತಕ, ಹದಿನೇಳಕ್ಕೆ ಕಾಲೇಜು, ಮುಂದೆ ಕೆಲಸ, ಮದುವೆ, ಹೀಗೆ ನೀರಿನ ಆಳ ಹೆಚ್ಚುತ್ತಾ ಹೋಗುತ್ತದೆ. ಮೊದಲ ಮೆಟ್ಟಿಲಿನಲ್ಲಿಯೇ "ನಿನಗೇನು ತಿಳಿಯುತ್ತದೆ" ಎಂದು ತಡೆದವಳನ್ನು ನಿಕಾಹ್‌ನ ದಿನ ಒಪ್ಪಿಗೆ ಇದೆಯೇ ಎಂದು ಕೇಳಿದರೆ ಅವಳು ಏನು ಹೇಳಿಯಾಳು? ಒಪ್ಪಿಗೆ ಕೇಳುವುದು ನಿಕಾಹ್‌ನ ನಿಯಮ. ಆದರೆ ಅಲ್ಲಿಯವರೆಗೆ ಯಾರೂ ಏನನ್ನೂ ಕೇಳಿರದ ಹುಡುಗಿಯ ಮೌನವನ್ನು ಒಪ್ಪಿಗೆ ಎಂದು ಬರೆದುಕೊಳ್ಳುವುದು ನ್ಯಾಯವೇ ಎಂಬುದನ್ನು ಹಿರಿಯರು ಯೋಚಿಸಬೇಕು.

ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯನ್ನು ಇಲ್ಲಿ ನೆನೆಯಬೇಕು. 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿ 2023ರಲ್ಲಿ ನಮ್ಮನ್ನು ಅಗಲಿದ ಅವರು, ಆ ಕಾದಂಬರಿಯನ್ನು ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರೆದರು. ನಾದಿರಾ ಎಂಬ ಹುಡುಗಿಯ ಮದುವೆ, ತಲಾಖ್, ಮರುಮದುವೆ ಎಲ್ಲವನ್ನೂ ತಂದೆ, ಗಂಡ, ಊರಿನವರು ತೀರ್ಮಾನಿಸುತ್ತಾರೆ. ಅವಳನ್ನು ಯಾರೂ ಕೇಳುವುದಿಲ್ಲ. ಆ ಕೇಳದಿರುವಿಕೆ ಅವಳನ್ನು ಎಲ್ಲಿಗೆ ಮುಟ್ಟಿಸಿತು ಎಂಬುದನ್ನು ಓದಿದವರು ಬಲ್ಲರು.

ಇನ್ನು ಮೊಬೈಲಿನ ಅಂಗಡಿಯ ವಿಷಯ. ಆನ್‌ಲೈನ್ ಖರೀದಿ ಎಂದರೆ ಹೆಂಗಸರ ಹೊಸ ಹುಚ್ಚು ಎಂದು ಮನೆಮನೆಯಲ್ಲಿ ದೂರು ಕೇಳುತ್ತೇನೆ. ಮಗ ಮೊಬೈಲಿಗೆ ಹೊಸ ಹೆಡ್‌ಫೋನ್ ತರಿಸಿದರೆ ಅದು ಅವಶ್ಯಕತೆ, ಮಗಳು ಚಪ್ಪಲಿ ತರಿಸಿದರೆ ಅದು ದುಂದು. ಮೊದಲು ಈ ತಕ್ಕಡಿಯನ್ನು ಸರಿಮಾಡೋಣ.

ಹೆಣ್ಣುಮಕ್ಕಳು ಈ ಅಂಗಡಿಯನ್ನು ಏಕೆ ಇಷ್ಟಪಡುತ್ತಾರೆ ಎಂದು ನಾನು ಅನೇಕ ವಿದ್ಯಾರ್ಥಿನಿಯರನ್ನು, ಗೃಹಿಣಿಯರನ್ನು ಕೇಳಿದ್ದೇನೆ. ಬೆಲೆ ಕಡಿಮೆ ಎಂದು ಕೆಲವರು ಹೇಳಿದರು. ಆದರೆ ಹೆಚ್ಚಿನವರು ಹೇಳಿದ್ದು ಬೇರೆ. "ಮೇಡಂ, ಅಲ್ಲಿ ಯಾರೂ ನಮ್ಮನ್ನ ನೋಡಂಗಿಲ್ರಿ" ಎಂದರು. ಎಷ್ಟು ದೊಡ್ಡ ಮಾತು ಇದು! ಪೇಟೆಯ ಅಂಗಡಿಯಲ್ಲಿ ಒಳಉಡುಪಿನ ಅಳತೆಯನ್ನು ಗಂಡಸರ ಮುಂದೆ ಹೇಳಬೇಕು. ಸ್ಯಾನಿಟರಿ ಪ್ಯಾಡ್ ಕೇಳಿದರೆ ಅಂಗಡಿಯವನು ಕಳ್ಳಮಾಲು ಎಂಬಂತೆ ಪೇಪರಿನಲ್ಲಿ ಸುತ್ತಿ ಕಪ್ಪು ಚೀಲದಲ್ಲಿ ಹಾಕಿ ಕೊಡುತ್ತಾನೆ. ಅಕ್ಕಿ, ಸಕ್ಕರೆಗೆ ಇಲ್ಲದ ಕಪ್ಪು ಚೀಲ ಅದಕ್ಕೇಕೆ? ಆ ಪ್ಯಾಡ್ ಮೇಲೆ ಶೇಕಡಾ 12 ಜಿಎಸ್‌ಟಿ ಇತ್ತು, ದೇಶದಾದ್ಯಂತ ಹೆಂಗಸರು ದನಿ ಎತ್ತಿದ ಮೇಲೆ 2018ರ ಜುಲೈಯಲ್ಲಿ ಅದನ್ನು ತೆಗೆದುಹಾಕಿದರು. ತೆರಿಗೆ ಹೋಯಿತು, ಕಪ್ಪು ಚೀಲ ಹೋಗಲಿಲ್ಲ. "ನಿಮ್ಮ ಯಜಮಾನ್ರನ್ನ ಕರಕೊಂಡು ಬರ್ರಿ, ಅವರಿಗೆ ತೋರಸ್ತೀವಿ" ಎಂದು ಮಿಕ್ಸಿ ಕೊಳ್ಳಲು ಹೋದ ನನಗೇ ಒಂದು ಅಂಗಡಿಯಲ್ಲಿ ಹೇಳಿದ್ದುಂಟು. ಮಿಕ್ಸಿ ಬಳಸುವವಳು ನಾನು, ದುಡ್ಡು ನನ್ನ ಸಂಬಳದ್ದು, ನೋಡಬೇಕಾದವರು ಯಜಮಾನರು! ಮೊಬೈಲಿನ ಅಂಗಡಿ ಇಂತಹ ಪ್ರಶ್ನೆ ಕೇಳುವುದಿಲ್ಲ. ರಾತ್ರಿ ಕೆಲಸವೆಲ್ಲ ಮುಗಿದ ಮೇಲೆ ಹತ್ತು ಬಣ್ಣ ನೋಡಿ, ಒಂದನ್ನೂ ಕೊಳ್ಳದೆ ಮಲಗಿದರೂ ಮುಖ ಗಂಟಿಕ್ಕುವವರಿಲ್ಲ.

ಕೈಯಲ್ಲಿ ಸ್ವಲ್ಪ ಹಣ ಬಂದದ್ದೂ ಒಂದು ಕಾರಣ. 2023ರ ಜೂನ್ 11ರಂದು ಶಕ್ತಿ ಯೋಜನೆ, ಆಗಸ್ಟ್ 30ರಂದು ಮನೆಯ ಯಜಮಾನಿಗೆ ತಿಂಗಳಿಗೆ 2000 ರೂಪಾಯಿಯ ಗೃಹಲಕ್ಷ್ಮಿ ಯೋಜನೆ ಆರಂಭವಾದವು. ಆ ದಿನಗಳಲ್ಲಿ ಬಸ್ಸಿನಲ್ಲಿ ಕೇಳಿಬಂದ ಮಾತುಗಳು ನಿಮಗೆ ನೆನಪಿರಬಹುದು. "ಪುಕ್ಕಟೆ ಅಂತ ಹೆಂಗಸ್ರು ಊರು ಸುತ್ತಾಕ ಹತ್ಯಾರ" ಎಂದು ಎಷ್ಟು ಜನ ನಕ್ಕರು! ಯೋಜನೆಯ ಒಳಿತು ಕೆಡುಕಿನ ಚರ್ಚೆ ಬೇರೆ, ಅದನ್ನು ಮಾಡೋಣ. ಆದರೆ ತವರಿಗೆ ಹೋಗುವ, ದವಾಖಾನೆಗೆ ಹೋಗುವ, ಕೆಲಸಕ್ಕೆ ಹೋಗುವ ಹೆಣ್ಣಿನ ಪ್ರಯಾಣ 'ಸುತ್ತುವುದು' ಆಗುತ್ತದೆ, ಚಹಾದ ಅಂಗಡಿಯ ಮುಂದೆ ಎರಡು ತಾಸು ಕುಳಿತ ಗಂಡಸಿನದು 'ಕೆಲಸದ ಮೇಲೆ ಹೋಗಿದ್ದೆ' ಆಗುತ್ತದೆ. ಇದೇ ನಾನು ಹೇಳುತ್ತಿರುವ ದಿನನಿತ್ಯದ ತಾರತಮ್ಯ.

ಹಾಗಾದರೆ ಮೊಬೈಲು ಬಂದು ಹೆಣ್ಣು ಸ್ವತಂತ್ರಳಾದಳೇ? ಅಷ್ಟು ಸುಲಭವಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಎರಡು ಅಂಕಿಗಳನ್ನು ಗಮನಿಸಿ. ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ತಾವೇ ಬಳಸುವ ಬ್ಯಾಂಕ್ ಖಾತೆ ಇದ್ದವರು ಶೇಕಡಾ 78.6. ತಾವೇ ಬಳಸುವ ಮೊಬೈಲ್ ಇದ್ದವರು ಶೇಕಡಾ 53.9. ಖಾತೆ ಇದೆ, ಫೋನ್ ಇಲ್ಲ. ಹಾಗಾದರೆ ಖಾತೆಯ ಒಟಿಪಿ ಯಾರ ಫೋನಿಗೆ ಬರುತ್ತದೆ? ಗಂಡನ ಫೋನಿಗೆ, ತಮ್ಮನ ಫೋನಿಗೆ. ಆರು ಅಂಕಿಯ ಆ ಸಂಖ್ಯೆ ಕೇಳಲು "ಯಾಕೆ? ಏನು ತರಿಸ್ತೀ? ಎಷ್ಟು?" ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ಹಿಂದೆ ಪೆಟ್ಟಿಗೆಯ ಕೀಲಿಕೈ ಗಂಡಸಿನ ಉಡಿದಾರದಲ್ಲಿರುತ್ತಿತ್ತು, ಈಗ ಅದು ಒಟಿಪಿಯಾಗಿ ಅವನ ಜೇಬಿನಲ್ಲಿದೆ. ಸಾಮಾನು ಬಂದಾಗಲೂ ಅಷ್ಟೇ. ಅವಳ ಹೆಸರಿನ ಪೊಟ್ಟಣ ತಂದ ಹುಡುಗ ಬಾಗಿಲಲ್ಲಿ ನಿಂತು "ಮನ್ಯಾಗ ಯಾರಿದಾರ್ರೀ?" ಎಂದು ಅವಳನ್ನೇ ಕೇಳುತ್ತಾನೆ. ಅವಳು ಯಾರೂ ಅಲ್ಲ ಎಂದಾಯಿತು.

ಅಲ್ಲದೆ ಮೊಬೈಲಿನ ಅಂಗಡಿಯೂ ಹೆಣ್ಣಿನ ಗೆಳತಿಯೇನಲ್ಲ. ಅದಕ್ಕೆ ಬೇಕಾದದ್ದು ನಮ್ಮ ದುಡ್ಡು. ಆಟಿಕೆ ಹುಡುಕಿದರೆ ಹುಡುಗಿಗೆ ಗುಲಾಬಿ ಬಣ್ಣದ ಅಡುಗೆ ಸೆಟ್ಟು, ಹುಡುಗನಿಗೆ ಕಾರು, ಕಟ್ಟುವ ಆಟ ಎಂದು ಅದೂ ಭೇದ ಮಾಡುತ್ತದೆ. ನ್ಯೂಯಾರ್ಕ್ ನಗರದ ಗ್ರಾಹಕ ಇಲಾಖೆ 2015ರಲ್ಲಿ ಸುಮಾರು 800 ವಸ್ತುಗಳ ಬೆಲೆ ಹೋಲಿಸಿ ನೋಡಿತು. ಹೆಂಗಸರಿಗಾಗಿ ಎಂದು ಮಾರುವ ವಸ್ತುವಿನ ಬೆಲೆ ಗಂಡಸರದಕ್ಕಿಂತ ಸರಾಸರಿ ಶೇಕಡಾ 7ರಷ್ಟು ಹೆಚ್ಚಿತ್ತು. ಅದೇ ರೇಜರ್, ಅದೇ ಶಾಂಪೂ, ಬಣ್ಣ ಮಾತ್ರ ಗುಲಾಬಿ! ಕಪ್ಪಗಿದ್ದರೆ ಮದುವೆಯಿಲ್ಲ, ಕೆಲಸವಿಲ್ಲ ಎಂದು ಹೆದರಿಸಿ ನಮ್ಮ ದೇಶದಲ್ಲಿ 1975ರಿಂದ ಬೆಳ್ಳಗಾಗುವ ಕ್ರೀಮು ಮಾರಿದರು. ಟೀಕೆ ಹೆಚ್ಚಾದ ಮೇಲೆ 2020ರಲ್ಲಿ ಫೇರ್ ಅಂಡ್ ಲವ್ಲಿ ತನ್ನ ಹೆಸರನ್ನು ಗ್ಲೋ ಅಂಡ್ ಲವ್ಲಿ ಎಂದು ಬದಲಾಯಿಸಿಕೊಂಡಿತು. ಆದ್ದರಿಂದ ವಿದ್ಯಾರ್ಥಿನಿಯರೇ, ಒಂದು ವಸ್ತುವನ್ನು ನೋಡಿದಾಗ ನಿಮ್ಮನ್ನೇ ಕೇಳಿಕೊಳ್ಳಿ: ಇದು ನನಗೆ ಇಷ್ಟವೋ, ಅಥವಾ ನಾನು ಸಾಲದು ಎಂದು ಯಾರೋ ನನಗೆ ಹೇಳಿದ್ದಾರೆಯೋ? ಇಷ್ಟವಾದದ್ದನ್ನು ಕೊಳ್ಳಿ. ನಾಚಿಕೆಯಿಂದ ಏನನ್ನೂ ಕೊಳ್ಳಬೇಡಿ.

ಗ್ರಾಹಕಳಾಗಿ ನಿಮಗಿರುವ ಹಕ್ಕುಗಳನ್ನೂ ತಿಳಿದಿರಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈಯಿಂದ ಜಾರಿಗೆ ಬಂತು. ಅದರ ಪ್ರಕಾರ ಮಾರಿದವನು ದಿಲ್ಲಿಯಲ್ಲಿರಲಿ, ಮುಂಬೈಯಲ್ಲಿರಲಿ, ನೀವು ವಾಸಿಸುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲಿಯೇ ದೂರು ಕೊಡಬಹುದು. ನೀವು ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಅದೇ ತಿಂಗಳು ಬಂದ ಇ-ಕಾಮರ್ಸ್ ನಿಯಮಗಳ ಪ್ರಕಾರ ಕಂಪನಿಯ ದೂರು ಅಧಿಕಾರಿ 48 ತಾಸಿನೊಳಗೆ ದೂರು ತಲುಪಿದೆ ಎಂದು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. 2023ರ ನವೆಂಬರ್ 30ರ ಮಾರ್ಗಸೂಚಿ ಗ್ರಾಹಕರನ್ನು ಮರುಳು ಮಾಡುವ 13 ಬಗೆಯ ತಂತ್ರಗಳನ್ನು ಹೆಸರಿಸಿ ನಿಷೇಧಿಸಿದೆ. 'ಎರಡೇ ಉಳಿದಿವೆ, ಬೇಗ ಕೊಳ್ಳಿ' ಎಂದು ಸುಳ್ಳು ಅವಸರ ಹುಟ್ಟಿಸುವುದು, ನೀವು ಕೇಳದ ವಸ್ತುವನ್ನು ಬುಟ್ಟಿಗೆ ಸೇರಿಸುವುದು, ಬೇಡ ಎಂದವರಿಗೆ ನಾಚಿಕೆಯಾಗುವಂತೆ ಮಾತು ಬರೆಯುವುದು, ಇವೆಲ್ಲ ಅದರಲ್ಲಿವೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915, ಹಣ ವಂಚನೆಯಾದರೆ 1930. ಈ ಎರಡು ಸಂಖ್ಯೆಗಳನ್ನು ಬರೆದುಕೊಳ್ಳಿ. ಮೋಸ ಹೋದಾಗ ಮನೆಯಲ್ಲಿ ಬೈಯುತ್ತಾರೆಂದು ಮುಚ್ಚಿಡುವ ಹುಡುಗಿಯರು ಬಹಳ. ಪಾಲಕರೇ, ಮೋಸ ಮಾಡಿದವನನ್ನು ಬಿಟ್ಟು ಮೋಸ ಹೋದವಳನ್ನು ಬೈದರೆ ಮುಂದಿನ ಸಲ ಅವಳು ಇನ್ನೂ ದೊಡ್ಡ ವಿಷಯವನ್ನು ಮುಚ್ಚಿಡುತ್ತಾಳೆ.

ಹೆಣ್ಣಿಗೆ ಸ್ವಂತ ಹಣ, ಸ್ವಂತ ಆಯ್ಕೆ ಎಂದರೆ ಇದು ಹೊರಗಿನಿಂದ ಬಂದ ವಿಚಾರ ಎನ್ನುವವರಿದ್ದಾರೆ. ಹಜ್ರತ್ ಖದೀಜಾ (ರ.ಅ.) ಅವರು ಮಕ್ಕಾದ ದೊಡ್ಡ ವ್ಯಾಪಾರಿಯಾಗಿದ್ದರು, ಅವರ ಸರಕು ದೂರದೇಶಗಳಿಗೆ ಹೋಗುತ್ತಿತ್ತು ಎಂಬುದು ಇಲ್ಲಿನ ಮಕ್ಕಳಿಗೂ ಗೊತ್ತು. ಮಹರ್ ಹೆಣ್ಣಿನ ಸ್ವಂತ ಆಸ್ತಿ, ಅದರ ಮೇಲೆ ತಂದೆಗೂ ಗಂಡನಿಗೂ ಹಕ್ಕಿಲ್ಲ. ಇದನ್ನು ಪ್ರತಿ ನಿಕಾಹ್‌ನಲ್ಲಿ ಓದುತ್ತೇವೆ, ಮರುದಿನ ಮರೆಯುತ್ತೇವೆ.

ಹಾಗಾದರೆ ದಿನನಿತ್ಯದ ಈ ಸಣ್ಣ ಅವಮಾನಗಳಿಗೆ ಉತ್ತರ ಹೇಗೆ ಕೊಡಬೇಕು? ಜಗಳದಿಂದ ಎಲ್ಲವೂ ಆಗುವುದಿಲ್ಲ, ಮೌನದಿಂದ ಯಾವುದೂ ಆಗುವುದಿಲ್ಲ. ನನಗೆ ತಿಳಿದ ನಾಲ್ಕು ದಾರಿಗಳನ್ನು ಹೇಳುತ್ತೇನೆ.

ಮೊದಲನೆಯದು, ಮರುಪ್ರಶ್ನೆ. ಯಾರಾದರೂ ಹೆಣ್ಣನ್ನು ಹೀಯಾಳಿಸಿ ತಮಾಷೆ ಮಾಡಿದರೆ ನಗಬೇಡಿ. "ಅಂದ್ರ ಏನ್ರಿ? ತಿಳೀಲಿಲ್ಲ, ಬಿಡಿಸಿ ಹೇಳ್ರಿ" ಎಂದು ಶಾಂತವಾಗಿ ಕೇಳಿ. ಬಿಡಿಸಿ ಹೇಳಲು ಹೊರಟಾಗ ಆ ತಮಾಷೆಯ ಹುಳುಕು ಹೇಳುವವರಿಗೇ ಕಾಣುತ್ತದೆ.

ಎರಡನೆಯದು, ಸ್ವಂತ ಹೆಸರು, ಸ್ವಂತ ಖಾತೆ, ಸ್ವಂತ ಫೋನ್ ಸಂಖ್ಯೆ. ಹದಿನೆಂಟು ತುಂಬಿದ ಪ್ರತಿ ವಿದ್ಯಾರ್ಥಿನಿಯ ಬ್ಯಾಂಕ್ ಖಾತೆಗೆ ಅವಳದೇ ಸಂಖ್ಯೆ ಜೋಡಣೆಯಾಗಿರಲಿ. ವಿದ್ಯಾರ್ಥಿವೇತನ ಬಂದಾಗ ಅದರ ಸಂದೇಶ ಅವಳಿಗೇ ಬರಲಿ. ಇದಕ್ಕೆ ಸಂಸ್ಥೆಯವರು ಒಂದು ದಿನದ ಶಿಬಿರ ಮಾಡಬೇಕೆಂದು ವಿನಂತಿಸುತ್ತೇನೆ.

ಮೂರನೆಯದು, ಅಣ್ಣತಮ್ಮಂದಿರ ಪಾತ್ರ. ಅಕ್ಕನಿಗಾಗಿ ಪ್ಯಾಡ್ ತರಲು ಅಂಗಡಿಗೆ ಹೋಗಿ ಕಪ್ಪು ಚೀಲ ಬೇಡ ಎಂದು ಹೇಳುವ ತಮ್ಮ ನೂರು ಭಾಷಣಗಳಿಗಿಂತ ಹೆಚ್ಚಿನ ಕೆಲಸ ಮಾಡುತ್ತಾನೆ. ಊಟವಾದ ಮೇಲೆ ತನ್ನ ತಾಟು ತಾನೇ ತೊಳೆಯುವ ಮಗನನ್ನು ಬೆಳೆಸಿದ ತಾಯಿ ಮುಂದಿನ ಮನೆಯ ಸೊಸೆಯ ಅರ್ಧ ಕಣ್ಣೀರನ್ನು ಒರೆಸಿದಂತೆ.

ನಾಲ್ಕನೆಯದು, ಓದು. ಹಾಸನದ ವಕೀಲೆ, ಲೇಖಕಿ ಬಾನು ಮುಷ್ತಾಕ್ ಮಹಿಳೆಯರ ಮಸೀದಿ ಪ್ರವೇಶದ ಪರವಾಗಿ ಮಾತನಾಡಿದ್ದಕ್ಕೆ 2000ದಲ್ಲಿ ಮೂರು ತಿಂಗಳು ಸಾಮಾಜಿಕ ಬಹಿಷ್ಕಾರ ಎದುರಿಸಿದರು. ಅವರ 'ಕರಿ ನಾಗರಗಳು' ಕತೆಯನ್ನು ಗಿರೀಶ ಕಾಸರವಳ್ಳಿಯವರು 'ಹಸೀನಾ' ಎಂಬ ಚಲನಚಿತ್ರ ಮಾಡಿದರು. 2025ರ ಮೇ 20ರಂದು ಅವರ ಕತೆಗಳ ಇಂಗ್ಲಿಷ್ ಅನುವಾದ 'ಹಾರ್ಟ್ ಲ್ಯಾಂಪ್'ಗೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಅನುವಾದಿಸಿದವರು ಕೊಡಗಿನ ದೀಪಾ ಭಾಸ್ತಿ. ಕನ್ನಡಕ್ಕೆ ಆ ಪ್ರಶಸ್ತಿ ಅದೇ ಮೊದಲು. ಆ ಕತೆಗಳಲ್ಲಿರುವುದು ಯುದ್ಧವಲ್ಲ, ರಾಜಕಾರಣವಲ್ಲ. ನಮ್ಮ ಅಡುಗೆಮನೆ, ನಮ್ಮ ಬಾಣಂತಿಕೋಣೆ, ನಾವು 'ಸಣ್ಣದು' ಎಂದು ತಳ್ಳಿಹಾಕಿದ ಸಂಗತಿಗಳು. ಜಗತ್ತು ಅವನ್ನು ದೊಡ್ಡದೆಂದು ಒಪ್ಪಿಕೊಂಡಿತು. ಮೊದಲು ಇಂತಹ ಪುಸ್ತಕ ಬೇಕಾದರೆ ಹುಬ್ಬಳ್ಳಿಗೋ ಧಾರವಾಡಕ್ಕೋ ಹೋಗುವವರನ್ನು ಕಾಯಬೇಕಾಗಿತ್ತು. ಈಗ ಬ್ಯಾಡಗಿಯ ಹುಡುಗಿಯ ಮನೆಬಾಗಿಲಿಗೆ ಅಂಚೆಯಲ್ಲಿ ಬರುತ್ತದೆ. ಮುಂದಿನ ಸಲ ಏನಾದರೂ ತರಿಸುವಾಗ ಒಂದು ಪುಸ್ತಕವನ್ನೂ ಸೇರಿಸಿ. ಚಪ್ಪಲಿಯೂ ಬೇಕು, ಪುಸ್ತಕವೂ ಬೇಕು. ಚಪ್ಪಲಿ ಇಷ್ಟಪಡುವವಳು ಪುಸ್ತಕ ಓದಲಾರಳು ಎಂಬುದೂ ಒಂದು ಕುಹಕವೇ.

ಕೊನೆಯದಾಗಿ ಪಾಲಕರಲ್ಲಿ ಒಂದು ಬೇಡಿಕೆ. ಹಾವೇರಿಯ ಏಲಕ್ಕಿ ಹಾರ ನಾಡಿಗೆಲ್ಲ ಪ್ರಸಿದ್ಧ. ನಮ್ಮ ಪಟವೇಗಾರ ಮನೆತನದ ಕೈಕೆಲಸ ಅದು. ಯಾರೇ ಗಣ್ಯರು ಬಂದರೂ ಆ ಹಾರ ಹಾಕಿ ಗೌರವಿಸುತ್ತೇವೆ. ಹಾರ ಹಾಕುವುದು ಸುಲಭ. ಮನೆಯ ಮಗಳಿಗೆ ಗೌರವ ಕೊಡಲು ಹಾರ ಬೇಡ, ಒಂದು ಪ್ರಶ್ನೆ ಸಾಕು. ಇನ್ನು ಕೆಲವೇ ತಿಂಗಳಲ್ಲಿ ಹತ್ತನೆಯ ತರಗತಿ, ಪಿಯುಸಿ ಮುಗಿಸುವ ಹೆಣ್ಣುಮಕ್ಕಳು ಇಲ್ಲಿದ್ದಾರೆ. ಅವರ ಮುಂದಿನ ಓದಿನ ಬಗ್ಗೆ ಹಿರಿಯರು ಕುಳಿತು ಮಾತನಾಡುವಾಗ ಅವರನ್ನು ಚಹಾ ತರಲು ಒಳಗೆ ಕಳುಹಿಸಬೇಡಿ. ಎದುರಿಗೆ ಕೂಡಿಸಿಕೊಂಡು "ನಿನಗೇನು ಇಷ್ಟ ಮಗಳೇ?" ಎಂದು ಕೇಳಿ. ಮೊದಲ ಸಲ ಅವಳು "ನೀವು ಹೇಳಿದಂಗ" ಎನ್ನಬಹುದು. ಯಾರೂ ಕೇಳಿ ಅಭ್ಯಾಸವಿಲ್ಲದ್ದರಿಂದ ಹಾಗೆನ್ನುತ್ತಾಳೆ. ಅಲ್ಲಿಗೆ ಬಿಡಬೇಡಿ, ಎರಡನೆಯ ಸಲ ಕೇಳಿ, ಮೂರನೆಯ ಸಲ ಕೇಳಿ. ಉತ್ತರ ನಿಮಗೆ ಒಪ್ಪಿಗೆಯಾಗದಿದ್ದರೆ ವಾದ ಮಾಡಿ, ಅವಳೂ ವಾದ ಮಾಡಲಿ. ಆದರೆ ಕೇಳುವುದನ್ನು ಬಿಡಬೇಡಿ.